ನಾಲ್ಕು ಬೆರಳು ಕಪ್ಪು ಮಣ್ಣು

ಜನ ಮಣ್ಣನ್ನು ಎಂಥೆಂಥದರಲ್ಲಿ ತರುತ್ತಾರೆಂದು ನನ್ನನ್ನು ಕೇಳಬೇಕು. ಯೂರಿಯಾ ಚೀಲದಲ್ಲಿ ತರುತ್ತಾರೆ, ಪೇಢೆಯ ಡಬ್ಬಿಯಲ್ಲಿ ತರುತ್ತಾರೆ. ಒಮ್ಮೆ ಒಬ್ಬರು ಕಳೆನಾಶಕದ ಖಾಲಿ ಕ್ಯಾನಿನಲ್ಲೇ ಮಣ್ಣು ತುಂಬಿ ತಂದು, "ಇದರಾಗ ವಿಷ ಐತೇನ ನೋಡ್ರಿ" ಎಂದಿದ್ದರು. ಬೆಳಗಾವಿಯ ಹಿಂದವಾಡಿಯಲ್ಲಿ ನಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಇಂಥವರನ್ನು ಗದರಿಸಿ ವಾಪಸ್ ಕಳಿಸುವುದು ನನ್ನ ಕೆಲಸದ ಅರ್ಧ ಪಾಲು. ಹಾಗಾಗಿ ಜೂನ್ ತಿಂಗಳ ಒಂದು ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಫಳಫಳ ಬೆಳಗಿದ ಸ್ಟೀಲ್ ಡಬ್ಬಿಯಲ್ಲಿ, ಒಳಗೆ ಬಿಳಿ ಬಟ್ಟೆ ಹಾಸಿ ಮಣ್ಣು ತಂದಾಗ ನನಗೆ ಆಕೆಯ ಮೇಲೆ ತಟ್ಟನೆ ಅಭಿಮಾನ ಬಂತು.

"ಬರ್ರಿ, ಕುಂದರ್ರಿ. ಎಲ್ಲಿಂದ ಬಂದ್ರಿ?"

"ಖಾನಾಪುರ ತಾಲೂಕ್ರಿ ಅಕ್ಕಾರ. ಹಲಸಿ ಬಾಜು ಹಳ್ಳಿ."

ಆಕೆಗೆ ನನ್ನದೇ ವಯಸ್ಸು, ನಲವತ್ತರ ಆಸುಪಾಸು. ಆರು ವರ್ಷದಿಂದ ಮನೆಯ ಹಿಂದಿನ ಹೊಲದಲ್ಲಿ ಮಡಿ ಮಾಡಿ ಮೆಣಸಿನಕಾಯಿ, ಬದನೆ, ಟೊಮೇಟೊ ಸಸಿ ಬೆಳೆಸಿ ಸುತ್ತಲಿನ ಊರುಗಳಿಗೆ ಕೊಡುತ್ತಿದ್ದಳು. ಈ ವರ್ಷ ಬೀಜ ಚೆನ್ನಾಗಿ ಮೊಳೆತಿತ್ತು. ಎರಡೆಲೆ, ನಾಲ್ಕೆಲೆ ಬರುವವರೆಗೂ ಏನೂ ಇಲ್ಲ. ಆಮೇಲೆ ಎಲೆಯ ಅಂಚು ಹಳದಿಯಾಗಿ, ಹಳದಿ ಒಳಕ್ಕೆ ಇಳಿದು, ವಾರದೊಳಗೆ ಮಡಿಯೆಲ್ಲ ಒಣಹುಲ್ಲು.

"ಬಾಜೂಕ ನಮ್ಮ ಮೈದುನನ ಹೊಲ ಐತ್ರಿ. ನೀರಿನ ಸಂಬಂಧ ನನ್ನ ಜೋಡಿ ಜಗಳಾ ಮಾಡಿದ್ದ. ಅವನೇ ಕಸದ ಎಣ್ಣಿ ಹೊಡದಾನ. ಕೇಳಿದ್ರ ಹೊಡದಿಲ್ಲ ಅಂತ ಆಣಿ ಮಾಡ್ತಾನ. ಊರ ಹಿರ್ಯಾರು, ಮದಲ ಕಾಗದ ತಗೊಂಡ ಬಾ, ಆಮ್ಯಾಲ ಮಾತಾಡೂಣು ಅಂದಾರ್ರಿ."

ನಮ್ಮ ಕಡೆ ಬೆಳೆಗೆ ಸಿಂಪಡಿಸುವ ವಿಷವೆಲ್ಲ ಎಣ್ಣೆಯೇ. ಹುಳಕ್ಕೆ ಹೊಡೆಯುವುದೂ ಎಣ್ಣಿ, ಕಳೆಗೆ ಹೊಡೆಯುವುದು ಕಸದ ಎಣ್ಣಿ. ಆಕೆ ಇನ್ನೂ ಹೇಳುವುದಿತ್ತು, ನಾನು ಕೈ ಎತ್ತಿ ತಡೆದೆ. ನನಗೆ ಕೆಲಸ ಕಲಿಸಿದ ಹಿರಿಯರು, ಮಣ್ಣು ತಂದವರ ಕಥೆ ಕೇಳಬೇಡ, ಕೇಳಿದರೆ ಯಂತ್ರದ ಮುಂದೆ ನಿನ್ನ ಕಣ್ಣು ವಾಲುತ್ತದೆ ಎಂದಿದ್ದರು. ಅದನ್ನು ನಾನು ಇಪ್ಪತ್ತು ವರ್ಷ ವ್ರತದಂತೆ ಪಾಲಿಸಿಕೊಂಡು ಬಂದಿದ್ದೆ.

"ಸಾಕ್ರಿ. ಉಳಿದದ್ದ ಮಣ್ಣ ಹೇಳ್ತೈತಿ" ಎಂದೆ. ಆ ಮಾತು ಆಡಿದಾಗ ನನಗೆ ನನ್ನ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು, ಸುಳ್ಳೇಕೆ ಹೇಳಲಿ.

ಮಣ್ಣನ್ನು ನೆರಳಲ್ಲಿ ಆರಿಸಿ, ಕುಟ್ಟಿ, ಜರಡಿ ಹಿಡಿದೆ. ಹತ್ತು ಗ್ರಾಂ ತೂಗಿ, ನೀರು ಕುಡಿಸಿ, ಅಸಿಟೋನೈಟ್ರೈಲ್ ಎಂಬ ದ್ರಾವಕ ಹಾಕಿ ಕುಲುಕಿದೆ. ಲವಣ ಹಾಕಿದೊಡನೆ ಕೊಳವೆ ಬಿಸಿಯಾಗುತ್ತದೆ, ಅದನ್ನು ತಣ್ಣೀರಲ್ಲಿ ಹಿಡಿದು ಮತ್ತೆ ಕುಲುಕಬೇಕು. ಗಿರ್ರನೆ ತಿರುಗಿಸಿದಾಗ ಮಣ್ಣು ತಳಕ್ಕೆ ಕೂತು ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿಯನ್ನು ಸೋಸಿ ಯಂತ್ರಕ್ಕೆ ಕೊಟ್ಟರೆ ಅದು ಒಳಗಿರುವುದನ್ನು ಒಂದೊಂದಾಗಿ ಬೇರ್ಪಡಿಸಿ ಪರದೆಯ ಮೇಲೆ ಸಣ್ಣ ಸಣ್ಣ ಗುಡ್ಡಗಳನ್ನು ಬರೆಯುತ್ತದೆ. ಜೊತೆಗೆ ವಿಷವಿಲ್ಲದ ಮಣ್ಣೊಂದು, ಗೊತ್ತಿದ್ದಷ್ಟು ವಿಷ ಬೆರೆಸಿದ ಮಣ್ಣೊಂದು, ಹೀಗೆ ಯಂತ್ರ ಸರಿ ಓದುತ್ತಿದೆಯೇ ಎಂದು ನೋಡಲು ಎರಡು ಮಾದರಿ ಓಡಿಸಿದೆ. ಎಲ್ಲವೂ ಸರಿ ಇತ್ತು. ಆಕೆಯ ಮಣ್ಣಿನಲ್ಲಿ ಅಟ್ರಾಜಿನ್ ಗುಡ್ಡ ಸ್ಪಷ್ಟವಾಗಿ ಎದ್ದು ನಿಂತಿತ್ತು. ಕಬ್ಬಿಗೆ, ಗೋವಿನಜೋಳಕ್ಕೆ ಹೊಡೆಯುವ ಕಳೆನಾಶಕ ಅದು. ಟೊಮೇಟೊ, ಮೆಣಸಿನ ಸಸಿಗಳಿಗೆ ಯಮ.

ಪಕ್ಕದಲ್ಲಿ ಇನ್ನೊಂದು ಗುಡ್ಡವೂ ಇತ್ತು, ಅಟ್ರಾಜಿನ್ ಮುರಿದು ಆಗುವ ತುಣುಕಿನದು, ಮೊದಲನೆಯದಕ್ಕಿಂತ ದೊಡ್ಡದು. ಅದನ್ನು ಬರೆಯಲು ನಮ್ಮ ನಮೂನೆಯಲ್ಲಿ ಕಾಲಂ ಇರಲಿಲ್ಲ. ಕಾಲಂ ಇಲ್ಲದ್ದನ್ನು ನಾನು ಬರೆಯಲಿಲ್ಲ. 'ಅಟ್ರಾಜಿನ್ ಪತ್ತೆಯಾಗಿದೆ' ಎಂದು ಬರೆದು ಸಹಿ ಹಾಕಿದೆ. ನಾಲ್ಕನೇ ದಿನ ಆಕೆ ಬಂದು ಕಾಗದವನ್ನು ಎರಡೂ ಕೈಯಲ್ಲಿ ಈಸಿಕೊಂಡು ಹೋದಳು.

ಸುಮಾರು ಮೂರು ವಾರದ ಮೇಲೆ ಫೋನ್ ಬಂತು.

"ಅಕ್ಕಾರ, ನಾನ್ರಿ, ಹಲಸಿ ಕಡೇದಾಕಿ. ಮತ್ತ ಬಿತ್ತಿದ್ನಿ. ಮತ್ತ ಸತ್ತಾವ್ರಿ."

"ಎಣ್ಣಿ ಮಣ್ಣಾಗ ಉಳದಿರ್ತೈತ್ರಿ. ಅಷ್ಟ ಲಗೂ ಹೋಗೂದಿಲ್ಲ" ಎಂದೆ. ಮಧ್ಯಾಹ್ನದ ಡಬ್ಬಿ ಬಿಚ್ಚಿದ್ದೆ, ಫೋನ್ ಇಡುವ ಆತುರ ನನಗೆ.

"ಹಂಗಲ್ರಿ. ಮಡ್ಯಾಗ ಅಷ್ಟ ಸಾಯ್ತಾವ. ಬದುವಿನ ಮ್ಯಾಲ ತಾವಾಗೇ ಹುಟ್ಟಿದ ಟೊಮೇಟೊ ಅದಾವಲ್ರಿ, ಮೈದುನನ ಹೊಲಕ್ಕ ಹತ್ತಿ, ಅವು ಹೂವು ಬಿಟ್ಟಾವ. ಅದ ಹೆಂಗ್ರಿ?"

ತುತ್ತು ಕೈಯಲ್ಲೇ ಉಳಿಯಿತು. ಪಕ್ಕದ ಹೊಲದಿಂದ ವಿಷ ಬಂದಿದ್ದರೆ ಮೊದಲು ಸಾಯಬೇಕಾದದ್ದು ಬದುವಿನ ಗಿಡ.

"ಮೈದುನ ಏನಂತಾನ್ರಿ?" ಇಪ್ಪತ್ತು ವರ್ಷದಲ್ಲಿ ನಾನು ಯಾರನ್ನೂ ಕೇಳಿರದ ಪ್ರಶ್ನೆ ಅದು.

"ಅವ ಗೋವಾಕ್ಕ ಹೋದಾ. ಕಾಗದ ಓದಿದ ಕೂಡ್ಲೆ ಹಿರ್ಯಾರು, ಹೋದ ವರ್ಷ ಗೋವಿನಜೋಳಕ್ಕ ಇದ ಎಣ್ಣಿ ಹೊಡದಿದ್ದಿ, ಖರೇ ಒಪ್ಕೋ ಅಂದ್ರು. ಅವ ಏನೂ ಅನ್ನಲಿಲ್ರಿ. ಮರದಿನ ಬ್ಯಾಗ ತಗೊಂಡ ಹ್ವಾದ."

ಊಟ ಬಿಟ್ಟು ಎದ್ದು ನೋಂದಣಿ ಪುಸ್ತಕ ತೆಗೆದೆ. ಮಾದರಿ ಬಂದಾಗ ಊರು, ಬೆಳೆ, ಬಣ್ಣ ಬರೆದುಕೊಳ್ಳುವುದು ರೂಢಿ. ಊರಿನ ಕಾಲಂನಲ್ಲಿ ಖಾನಾಪುರ ತಾಲೂಕು. ಬಣ್ಣದ ಕಾಲಂನಲ್ಲಿ, ನನ್ನದೇ ಕೈಬರಹದಲ್ಲಿ, ಕಪ್ಪು. ಹಲಸಿಯ ಕಡೆ ಹೋದವರಿಗೆ ಗೊತ್ತು, ಅಲ್ಲಿ ಬಸ್ಸಿನ ಗಾಜಿನ ಮೇಲೆ ಕೂರುವ ಧೂಳು ಕೂಡ ಕೆಂಪು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ; ಕೆಂಪು ನೆಲದಿಂದ ಕಪ್ಪು ಮಣ್ಣು ಬಂತೆಂದರೆ ನಾನು ಹೌದೆಂದು ಬರೆದುಕೊಂಡು ಜರಡಿ ಹಿಡಿದಿದ್ದೆ.

ಆಮೇಲೆ ಆ ಎರಡನೇ ಗುಡ್ಡ ನೆನಪಾಯಿತು. ಅಟ್ರಾಜಿನ್ ಮಣ್ಣಿಗೆ ಬಿದ್ದ ಮೇಲೆ ಸೂಕ್ಷ್ಮಜೀವಿಗಳು ಅದನ್ನು ನಿಧಾನವಾಗಿ ಕಡಿಯುತ್ತ ಹೋಗುತ್ತವೆ. ಮುರಿದ ತುಣುಕು ಇಡಿಯದಕ್ಕಿಂತ ಹೆಚ್ಚಿದ್ದರೆ ವಿಷ ಹಳೆಯದು ಎಂದರ್ಥ. ಮೇ ತಿಂಗಳಲ್ಲಿ ಯಾರೋ ಸಿಟ್ಟಿನಿಂದ ಹೊಡೆದ ಹೊಸ ಎಣ್ಣೆ ಇದಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಪರದೆಯ ಮೇಲೆ ಕಂಡಿತ್ತು, ಕಂಡೂ ಬಿಟ್ಟಿದ್ದೆ.

ಪ್ರಯೋಗಾಲಯದ ಮುಖ್ಯಸ್ಥರ ಬಳಿ ಹೋದೆ. ಅವರು ಕೆಟ್ಟವರಲ್ಲ, ಎಚ್ಚರಿಕೆಯವರು.

"ಅಟ್ರಾಜಿನ್ ಐತೋ ಇಲ್ಲೋ ಅಂತ ಕೇಳಿದ್ರು. ಐತಿ ಅಂತ ಹೇಳೀವಿ. ಅದು ಸುಳ್ಳೇನ್ರಿ?"

"ಸುಳ್ಳಲ್ರಿ ಸರ್. ಆದ್ರ ಅದರಿಂದ ಒಬ್ಬಾಂವ ಮನಿ ಬಿಟ್ಟ ಹೋಗ್ಯಾನ."

"ಅದು ಅವರ ಮನಿ ಜಗಳ. ನಾವು ನಡುವ ಹೋಗಬಾರ್ದು."

ನಿನ್ನೆಯವರೆಗೆ ನಾನೂ ಅದನ್ನೇ ಹೇಳುತ್ತಿದ್ದೆ. ಅವರ ಜೊತೆ ವಾದ ಮಾಡಲಿಲ್ಲ. ಭಾನುವಾರ ನನ್ನದೇ ರಜೆಯಲ್ಲಿ ಗಾಜಿನ ಸೀಸೆಗಳು, ಮಂಜುಗಡ್ಡೆಯ ಪೆಟ್ಟಿಗೆ, ಕುರ್ಪಿ, ಮಣ್ಣು ಕೊರೆಯುವ ಕೊಳವೆ ಕಟ್ಟಿಕೊಂಡು ಖಾನಾಪುರದ ಬಸ್ ಹತ್ತಿದೆ. ಅಲ್ಲಿಂದ ಹಲಸಿ ದಾರಿಯ ಟೆಂಪೊ.

ಅವರ ಮನೆ ಸಣ್ಣದು, ಹಿಂದೆ ಮಡಿಗಳು, ಅದಕ್ಕೆ ಅಂಟಿಕೊಂಡು ಮೈದುನನ ಹೊಲ, ಎರಡರ ನಡುವೆ ಮೊಣಕಾಲೆತ್ತರದ ಬದು. ಬದುವಿನ ಮೇಲೆ ಟೊಮೇಟೊ ಗಿಡಗಳು ನಿಜಕ್ಕೂ ಹೂಬಿಟ್ಟಿದ್ದವು. ಆಕೆಯ ಗಂಡ ಕಟ್ಟೆಯ ಮೇಲೆ ಕೂತಿದ್ದವನು ನನ್ನನ್ನು ನೋಡಿ ಎದ್ದು ಕೈ ಮುಗಿದು ಮತ್ತೆ ಕೂತ. ಇಡೀ ದಿನದಲ್ಲಿ ಅವನು ನನ್ನ ಜೊತೆ ಆಡಿದ್ದು ಒಂದೇ ಮಾತು. "ನನ್ನ ತಮ್ಮ ಹತ್ತ ವರ್ಷದಾಂವ ಇದ್ದಾಗಿಂದ ಇಕಿ ಕೈಯಾನ ಊಟ ಉಂಡಾನ್ರಿ" ಎಂದ.

ಮಾದರಿ ತೆಗೆಯುವುದಕ್ಕೆ ಒಂದು ಕ್ರಮ ಇದೆ. ಶುದ್ಧವಿರಬಹುದಾದ ಜಾಗದಿಂದ ಶುರುಮಾಡಿ ಕೆಟ್ಟಿರುವ ಕಡೆಗೆ ಬರಬೇಕು, ಇಲ್ಲದಿದ್ದರೆ ಕುರ್ಪಿಗೆ ಅಂಟಿದ ವಿಷವೇ ಮುಂದಿನ ಸೀಸೆಗೆ ಹೋಗುತ್ತದೆ. ಮೊದಲು ಮೈದುನನ ಹೊಲದಲ್ಲಿ ಐದು ಕಡೆ ತೆಗೆದೆ, ಆಮೇಲೆ ಬದು. ಪ್ರತಿ ಸಲ ಕುರ್ಪಿ ತೊಳೆದು, ಅಸಿಟೋನ್ ಸುರಿದು ಒರೆಸಿದೆ. ಎಲ್ಲ ಕೆಂಪು ಮಣ್ಣು. ಕೊನೆಗೆ ಮಡಿಗೆ ಬಂದು ಕೊಳವೆ ಒತ್ತಿ ಎತ್ತಿದರೆ ಮೇಲೆ ನಾಲ್ಕು ಬೆರಳು ಕಪ್ಪು, ಕೆಳಗೆಲ್ಲ ಕೆಂಪು. ನಡುವೆ ಚಾಕುವಿನಿಂದ ಗೆರೆ ಎಳೆದಷ್ಟು ಸ್ಪಷ್ಟ.

"ಈ ಕಪ್ಪು ಮಣ್ಣ ಎಲ್ಲಿಂದ ತಂದ್ರಿ?"

ಆಕೆಯ ಮುಖ ಅರಳಿತು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

"ನಮ್ಮಪ್ಪ ತಂದಿದ್ರಿ. ನನ್ನ ತವರಮನಿ ಬೈಲಹೊಂಗಲ ಕಡೆ. ನಿನ್ನ ಕೆಂಪ ಮಣ್ಣ ನೀರ ಹಿಡಿಯೂದಿಲ್ಲ, ಅದರಾಗ ಎಷ್ಟ ದಿನ ಗುದ್ದ್ಯಾಡ್ತಿ ಅಂತ ಯಾವಾಗ್ಲೂ ಚ್ಯಾಷ್ಟಿ ಮಾಡ್ತಿದ್ರು. ಯುಗಾದಿ ಆದ ಮ್ಯಾಲ ಎರಡ ಟ್ರೇಲರ್ ಮಣ್ಣ ತಾವ ಕುಂತು ಹೇರಿಸ್ಕೊಂಡ ಬಂದ್ರು. ಬ್ಯಾಡ ಅಂದ್ರೂ ಕೇಳಲಿಲ್ಲ, ಸಲಿಕಿ ಹಿಡದು ಹರವಿದ್ರು. ಬಸವ ಜಯಂತಿಗಿ ಇನ್ನ ನಾಲ್ಕ ದಿನ ಇತ್ತು, ಹೋಗಿಬಿಟ್ರು. ಎದಿಬ್ಯಾನಿ."

ಆದರೂ ಕೇಳಬೇಕಿತ್ತು. "ಯಾವ ಹೊಲದ ಮಣ್ಣರಿ ಅದು?"

"ಕಬ್ಬಿನ ಹೊಲದ್ದು. ಬಾವಿ ಮಗ್ಗಲದ ಮೂಲಿ. ಟ್ರ್ಯಾಕ್ಟರ್ ನಿಂದರಾಕ ಅಲ್ಲಿ ಅಷ್ಟ ಜಾಗಾ ಐತ್ರಿ."

ಬಾವಿಯ ಮಗ್ಗುಲಲ್ಲಿ ನೀರು ಇರುತ್ತದೆ. ನೀರು ಇರುವಲ್ಲೇ ಎಣ್ಣೆ ಬೆರೆಸುತ್ತಾರೆ, ಪಂಪು ತುಂಬುತ್ತಾರೆ, ಕೊನೆಗೆ ಪಂಪು ತೊಳೆದು ಅಲ್ಲೇ ಚೆಲ್ಲುತ್ತಾರೆ. ನಮ್ಮ ಜಿಲ್ಲೆಯ ಯಾವ ಕಬ್ಬಿನ ಹೊಲದಲ್ಲಾದರೂ ನೋಡಿ, ಇದೇ ಪದ್ಧತಿ. ಆ ಮೂಲೆಯಲ್ಲಿ ಕಬ್ಬು ಬೆಳೆಯದೆ ಮಣ್ಣು ಖಾಲಿ ಬಿದ್ದಿರುತ್ತದೆ, ನೋಡಲು ಹದವಾಗಿ ಚೆಂದ ಇರುತ್ತದೆ. ಆ ಹಿರಿಯ ತನ್ನ ಹೊಲದ ಅತ್ಯಂತ ಒಳ್ಳೆಯ ಮಣ್ಣೆಂದು ಮಗಳಿಗೆ ತಂದದ್ದು ಅದನ್ನು.

ನಾನು ಆಗಲೇ ಹೇಳಬಾರದಿತ್ತೇನೋ. ಸೀಸೆಗಳನ್ನು ಯಂತ್ರಕ್ಕೆ ಕೊಟ್ಟು, ಖಾತ್ರಿ ಮಾಡಿಕೊಂಡು ಹೇಳಬಹುದಿತ್ತು. ಆದರೆ ಹಿಂದಿನ ಸಲ ಸುಮ್ಮನಿದ್ದು ಆದ ಅನಾಹುತ ಸಾಕಾಗಿತ್ತು. ಹೇಳಿದೆ.

ಆಕೆ ನನ್ನನ್ನೇ ನೋಡಿದಳು. "ಸತ್ತವರ ಮ್ಯಾಲ ಹಾಕಬ್ಯಾಡ್ರಿ ಅಕ್ಕಾರ" ಎಂದಳು. ದನಿ ಏರಿಸಲಿಲ್ಲ. "ಮದಲ ಮೈದುನ ಅಂದ್ರಿ. ಈಗ ನಮ್ಮಪ್ಪ ಅಂತೀರಿ. ನಾಳೆ ಯಾರು?"

ಮೈದುನ ಎಂದು ನಾನು ಬರೆದಿರಲಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. "ನನ್ನ ಕಾಗದ ನಂಬಬ್ಯಾಡ್ರಿ. ನೀವ ಬಿತ್ತಿ ನೋಡ್ರಿ" ಎಂದೆ. ಮೂರು ಕುಡಿಕೆ ತರಿಸಿ ಒಂದರಲ್ಲಿ ಮೈದುನನ ಹೊಲದ ಮಣ್ಣು, ಇನ್ನೊಂದರಲ್ಲಿ ಮಡಿಯ ತಳದ ಕೆಂಪು ಮಣ್ಣು, ಮೂರನೆಯದರಲ್ಲಿ ಕಪ್ಪು ಮಣ್ಣು ತುಂಬಿದೆವು. ಒಂದೇ ಪೊಟ್ಟಣದ ಸೌತೆಬೀಜ, ಕುಡಿಕೆಗೆ ಐದು. ನೀರಿನ ಅಳತೆಗೆ ಒಂದು ಲೋಟ ಗೊತ್ತುಮಾಡಿದೆ. ಆಕೆಯೇ ಬಿತ್ತಿದಳು. ಇಂಥದ್ದೇ ಮೂರನ್ನು ನಾನೂ ಮಾಡಿಕೊಂಡು ಬಂದು ಶಹಾಪುರದ ನಮ್ಮ ಮನೆಯ ಅಡುಗೆಮನೆ ಕಿಟಕಿಯಲ್ಲಿಟ್ಟೆ.

ಆ ವಾರ ಯಂತ್ರ ತನ್ನ ಮಾತು ಹೇಳಿತು. ಮೈದುನನ ಹೊಲದಲ್ಲಿ ಅಟ್ರಾಜಿನ್ ಇಲ್ಲವೆನ್ನುವಷ್ಟು ಕಡಿಮೆ. ಬದುವಿನಲ್ಲಿ ಇಲ್ಲ. ಮಡಿಯ ತಳದಲ್ಲಿ, ಮೇಲಿನಿಂದ ಇಳಿದ ಜಿನುಗು ಮಾತ್ರ. ಕಪ್ಪು ಪದರದಲ್ಲಿ ಗುಡ್ಡಗಳೆರಡೂ ಎದ್ದು ನಿಂತಿದ್ದವು. ನಮ್ಮ ಕಿಟಕಿಯಲ್ಲಿ ಆರು ದಿನಕ್ಕೆಲ್ಲ ಮೂರೂ ಕುಡಿಕೆ ಹಸಿರಾದವು. ಪಕ್ಕದ ಮನೆಯ ಮಗ್ಗದ ಸದ್ದಿಗೆ ಕಿಟಕಿ ನಡುಗಿದಂತೆ ಆ ಎಲೆಗಳೂ ನಡುಗುತ್ತಿದ್ದವು. ಹದಿನೈದನೇ ದಿನಕ್ಕೆ ಕಪ್ಪು ಮಣ್ಣಿನ ಐದೂ ಸಸಿ ಅಂಚು ಸುಟ್ಟು ಮಲಗಿದವು. ನನ್ನ ಊಹೆ ನಿಜವಾದಾಗ ಯಾವತ್ತೂ ಆಗುವ ಸಂತೋಷ ಅಂದು ಆಗಲಿಲ್ಲ.

ಇಪ್ಪತ್ತೈದನೇ ದಿನ ಮತ್ತೆ ಹೋದೆ. ಕಟ್ಟೆಯ ಮೇಲೆ ಮೂರೂ ಕುಡಿಕೆ ಸಾಲಾಗಿದ್ದವು. ಊರ ಹಿರಿಯರೊಬ್ಬರು ಆಗಲೇ ಬಂದು ಕೂತಿದ್ದರು, ಮೈದುನನಿಗೆ ಒಪ್ಪಿಕೋ ಎಂದವರು ಅವರೇ. ನಾನು ನೋಡಿದೆ, ಕಪ್ಪು ಮಣ್ಣಿನ ಕುಡಿಕೆಯಲ್ಲಿ ಐದು ಸೌತೆ ಸಸಿ ಹಸಿರಾಗಿ ನಿಂತಿದ್ದವು. ಒಂದು ಎಲೆಗೂ ಕಲೆ ಇಲ್ಲ.

"ಏನ್ರಿ ಮೇಡಂ, ನಿಮ್ಮ ವಿಷ ಎಲ್ಲಿ ಹೋತು?" ಹಿರಿಯರು ನಕ್ಕರು. "ಆಣಿ ಪ್ರಮಾಣಕ್ಕಿಂತ ನಿಮ್ಮ ಕಾಗದ ಖರೇ ಅಂತ ನಾವು ತಿಳಕೊಂಡಿದ್ವಿ. ಮದಲ ಹೇಳಿದ್ದ ಖರೇನೋ, ಈಗ ಹೇಳೂದ ಖರೇನೋ?"

ಸೀಸೆ ಅದಲುಬದಲಾಯಿತೇ, ಮಣ್ಣು ತುಂಬುವಾಗ ತಪ್ಪಿದೆನೇ, ಎಲ್ಲವನ್ನೂ ಮೊದಲಿನಿಂದ ಲೆಕ್ಕ ಹಾಕತೊಡಗಿದೆ. ಬಗ್ಗಿ ನೋಡಿದರೆ ಉಳಿದೆರಡು ಕುಡಿಕೆಯ ಬಳ್ಳಿ ಗೇಣುದ್ದವಾಗಿವೆ, ಇಲ್ಲಿನವು ಬರೀ ಎರಡೆಲೆ. ಅರ್ಥವಾಯಿತು. ಆದರೆ ಅದನ್ನು ನಾನು ಹೇಳುವಂತಿರಲಿಲ್ಲ. ತಲೆ ಎತ್ತಿ ಆಕೆಯನ್ನು ನೋಡಿದೆ.

ಆಕೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಆ ಹೊತ್ತು ಸುಮ್ಮನಿದ್ದುಬಿಟ್ಟಿದ್ದರೆ ಅಪ್ಪನ ಹೆಸರು ಉಳಿಯುತ್ತಿತ್ತು. ಆದರೆ ಆಕೆ ಚೌಕಟ್ಟು ಬಿಟ್ಟಳು. ಒಳಗೆ ಹೋಗಿ, ಮಡಚಿದ ಒಂದು ಹಾಳೆ ತಂದು ಹಿರಿಯರ ಮುಂದೆ ಬಿಚ್ಚಿದಳು. ಒಣಗಿದ ಐದು ಸೌತೆ ಸಸಿಗಳು, ಅಂಚು ಸುಟ್ಟವು.

"ಇವು ಮದಲಿನವ್ರಿ ಕಾಕಾ. ಈಗ ಕುಡಿಕ್ಯಾಗ ಇರೂವು ನಾ ಎರಡನೇ ಸಲ ಬಿತ್ತಿದ್ದು. ಇವೂ ಸಾಯ್ತಾವ. ನಾ ಮಜ್ಜಿಗಿ ನೀರ ಹಾಕಿದ್ನಿ, ಬೂದಿ ಹಾಕಿದ್ನಿ, ನೆರಳಿಗಿ ಇಟ್ನಿ. ಬದುಕಲಿಲ್ಲ." ಆಮೇಲೆ ನೆಟ್ಟಗೆ ನಿಂತು ಹೇಳಿದಳು. "ಮೈದುನಂದ ಏನೂ ತಪ್ಪಿಲ್ಲ. ನಮ್ಮಪ್ಪ ತಂದ ಮಣ್ಣಾಗ ಇತ್ತು. ಅವರಿಗೂ ಗೊತ್ತಿರಲಿಲ್ಲ."

ಹಿರಿಯರ ನಗು ನಿಂತಿತು. ನನಗೆ ಅಳು ಬಂತು. ಕೆಲಸದ ಮೇಲೆ ಹೋದಲ್ಲಿ ಅತ್ತದ್ದು ಅದೊಂದೇ ಸಲ, ಮರೆಮಾಚಲು ಪೆಟ್ಟಿಗೆಯ ಮುಚ್ಚಳ ತೆಗೆದು ಹಾಕಿ ಮಾಡಿದೆ. ಎರಡೂ ಗುಡ್ಡಗಳನ್ನೂ ಮೂರೂ ಜಾಗಗಳನ್ನೂ ಬರೆದ ಹೊಸ ವರದಿ ನನ್ನ ಚೀಲದಲ್ಲಿತ್ತು. ಮುಖ್ಯಸ್ಥರು ಎರಡು ದಿನ ಗೊಣಗಿ ಕೊನೆಗೆ ಸಹಿ ಹಾಕಿದ್ದರು. ಅದನ್ನು ಹಿರಿಯರಿಗೆ ಕೊಟ್ಟೆ. ಅವರು ಓದದೆ ಮಡಚಿ ಕಿಸೆಗೆ ಇಟ್ಟುಕೊಂಡರು.

ಆಕೆಯ ಗಂಡ ತಮ್ಮನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟ. ಆಚೆ ಹೋಟೆಲಿನ ತಟ್ಟೆ ಲೋಟಗಳ ಸದ್ದು.

"ತಮ್ಮಾ, ನಂದ ತಪ್ಪಾತು" ಎಂದಳು ಆಕೆ. ಆದದ್ದನ್ನೆಲ್ಲ ಹೇಳಿದಳು. "ಮನಿಗಿ ಬಾ."

ಮೈದುನ ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಅವನು, "ವೈನಿ, ನಾ ಹೊಡದಿಲ್ಲ ಅಂತ ನಿನಗ ಅವತ್ತ ಹೇಳಿದ್ನೆಲ್ಲ" ಎಂದ.

"ಹೂಂ."

"ಈಗ ಕಾಗದ ಹೇಳ್ತೈತಿ ಅಂತ ನಂಬಾಕತ್ತಿ." ಅದರ ಹಿಂದೆಯೇ, "ಆ ಕಾಗದ ಬರದವರು ಅಲ್ಲೇ ಅದಾರೇನು?" ಎಂದು ಕೇಳಿದ.

"ಅದೀನ್ರಿ" ಎಂದೆ.

"ನಮ್ಮೂರು ಬೆಳಗಾವಿಗಿ ಭಾಳ ದೂರ ಇಲ್ಲಲ್ರಿ ಮೇಡಂ. ಅವತ್ತ ಯಾಕ ಬರಲಿಲ್ಲ?"

"ಬರಬೇಕಾಗಿತ್ರಿ. ನಂದೂ ತಪ್ಪಾತು."

"ಆತ್ರಿ" ಎಂದು ಫೋನ್ ಇಟ್ಟ.

ಹೊರಡುವಾಗ ಆಕೆ, ಅಪ್ಪನ ಮಣ್ಣನ್ನು ಎಲ್ಲಿ ಚೆಲ್ಲಲಿ ಎಂದು ಕೇಳಿದಳು. ಎಲ್ಲಿ ಚೆಲ್ಲಿದರೂ ಅಲ್ಲಿ ವಿಷವೇ, ಹಳ್ಳದ ಕಡೆಗಂತೂ ಬೇಡ ಎಂದೆ. ಒಂದೆಡೆ ಒಟ್ಟಿ ಹರವಿ ಗೋವಿನಜೋಳ ಬಿತ್ತಲು ಹೇಳಿದೆ. ಈ ಎಣ್ಣೆಯನ್ನು ತಡೆದುಕೊಂಡು, ಮೈಯೊಳಗೇ ಮುರಿದು ಹಾಕುವ ಶಕ್ತಿ ಆ ಪೈರಿಗಿದೆ. ಒಂದೆರಡು ಬೆಳೆಯಾದ ಮೇಲೆ ಮತ್ತೆ ಪರೀಕ್ಷೆ ಮಾಡೋಣ ಎಂದೆ. ಚೆಲ್ಲುವುದು ಬೇಡವೆಂದದ್ದಕ್ಕೆ ಆಕೆಗೆ ಸಮಾಧಾನವಾದದ್ದು ಕಂಡಿತು.

ದೀಪಾವಳಿ ಕಳೆದ ಮೇಲೆ ಆಕೆಯೇ ಫೋನ್ ಮಾಡಿದಳು. ಗೋವಿನಜೋಳ ಆಳೆತ್ತರ ಬಂದಿದೆ, ಕೆಂಪು ಮಣ್ಣಿನ ಮಡಿಯಲ್ಲಿ ಸಸಿಗಳೂ ಬದುಕಿವೆ ಎಂದಳು. ನಾನು ಕೇಳಬೇಕೋ ಬೇಡವೋ ಎಂದು ಅಳುಕುತ್ತ ಕೇಳಿದೆ.

"ಮೈದುನ ಬಂದಿದ್ನೇನ್ರಿ ಹಬ್ಬಕ್ಕ?"

"ಬಂದಿದ್ದ್ರಿ ಅಕ್ಕಾರ. ಕಟ್ಟಿ ಮ್ಯಾಲ ಕುಂತು ಅಣ್ಣನ ಜೋಡಿ ಮಾತಾಡಿದ. ತನ್ನ ಹೊಲ ಪಾಲಿಗಿ ಕೊಟ್ಟ ಹ್ವಾದ. ನಾ ಹೋಳಿಗಿ ಮಾಡಿದ್ನಿ. ಒಳಗ ಬಾ, ಉಣ್ಣು ಅಂದ್ನಿ. ಹಾದ್ಯಾಗ ಉಂಡ ಬಂದೀನಿ ಅಂದ." ಆಕೆ ಮೂಗು ಒರೆಸಿಕೊಂಡದ್ದು ಕೇಳಿಸಿತು. "ಹಾದ್ಯಾಗ ಎಲ್ಲಿ ಉಂಡಿರ್ತಾನ್ರಿ? ಮುಂಜಾನಿ ಆರಕ್ಕ ಬಂದಿದ್ದ."